ಸಂದೇಶ ಬಂತು, ನೀರೂ ಬಂತು

ಕಳೆದ ಮುಂಗಾರಿಗೆ ಮುನ್ನ ನಮ್ಮ ಭಾಗದ ಪಟ್ಟಣವೊಂದರಲ್ಲಿ ವಿಪತ್ತು ನಿರ್ವಹಣೆಯ ಕುರಿತು ಒಂದು ದಿನದ ಕಾರ್ಯಾಗಾರ ನಡೆಯಿತು. ಅಡಿಕೆ ಬೆಳೆಗಾರರು, ಶಾಲಾ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಕಾಲೇಜು ವಿದ್ಯಾರ್ಥಿಗಳು ಸೇರಿದ್ದರು. ನಗರದಿಂದ ಬಂದಿದ್ದ ತಜ್ಞರೊಬ್ಬರು ಅಮೆರಿಕದ ಕಡಲ ತಡಿಯ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದರ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಅಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು. ಋತು ಆರಂಭವಾಗುವ ಮೊದಲೇ ಪ್ರತಿಯೊಬ್ಬ ವೈದ್ಯ, ದಾದಿ, ವಿದ್ಯಾರ್ಥಿ ತನ್ನ ದೂರವಾಣಿ ಸಂಖ್ಯೆಯನ್ನು ನೋಂದಾಯಿಸಬೇಕು. ಸಮುದ್ರದಲ್ಲಿ ಗಾಳಿ ಸುಳಿಗಟ್ಟಿದೊಡನೆ ಮೊಬೈಲಿಗೆ ಸಂದೇಶ, ಮಿಂಚಂಚೆ, ಧ್ವನಿವರ್ಧಕದ ಕರೆ, ಎಲ್ಲವೂ ಏಕಕಾಲಕ್ಕೆ. ಇಂಥ ವ್ಯವಸ್ಥೆಯೊಂದು ಮಲೆನಾಡಿಗೆ ಬಂದುಬಿಟ್ಟರೆ ಗುಡ್ಡ ಕುಸಿದರೂ ಜೀವಹಾನಿಯ ಭಯವಿಲ್ಲವೆಂದು ಅವರು ಮಾತು ಮುಗಿಸಿದಾಗ ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಸಭೆಗಳಲ್ಲಿ ಕೂತು ಕೂತು ಕೈಗಳಿಗೆ ಅದು ಅಭ್ಯಾಸವಾಗಿದೆ.

ಅನಂತರ ಎದ್ದು ಒಂದೇ ಪ್ರಶ್ನೆ ಕೇಳಿದೆ. ಅಂಥ ಆಸ್ಪತ್ರೆಗಳಿಗೆ ಚಂಡಮಾರುತ ನಿಜವಾಗಿ ಬಡಿದಾಗ ಏನಾಯಿತು? ಊಟದ ಹೊತ್ತಾಗಿದೆ ಎಂಬ ಉತ್ತರ ಬಂತು. ಪ್ರಶ್ನೆಯನ್ನು ಊಟದೆಲೆಯ ಕೆಳಗೆ ಸರಿಸುವ ಈ ಪದ್ಧತಿ ನಮಗೆ ಹೊಸದಲ್ಲ. ಆದ್ದರಿಂದ ಅಂದು ಹೇಳಬೇಕಾಗಿದ್ದ ಉತ್ತರವನ್ನು ಇಂದು ಈ ಪತ್ರಿಕೆಯ ಓದುಗರ ಮುಂದಿಡುತ್ತಿದ್ದೇನೆ.

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣಕ್ಕೆ, ಮೆಕ್ಸಿಕೋ ಕೊಲ್ಲಿಯ ಅಂಚಿನಲ್ಲಿ ಗ್ಯಾಲ್ವೆಸ್ಟನ್ ಎಂಬ ದ್ವೀಪವಿದೆ. ಗದ್ದೆಯ ಬದುವಿನಂತೆ ಉದ್ದವಾಗಿ, ಕಿರಿದಾಗಿ ಮಲಗಿರುವ ಮರಳಿನ ದಿಬ್ಬ. ಮುಂದೆ ತೆರೆದ ಕಡಲು, ಹಿಂದೆ ಹಿನ್ನೀರಿನ ಕೊಲ್ಲಿ. ಟೆಕ್ಸಾಸ್ ವಿಶ್ವವಿದ್ಯಾಲಯ ತನ್ನ ವೈದ್ಯಕೀಯ ಕಾಲೇಜನ್ನು 1891ರಲ್ಲಿ ಆರಂಭಿಸಿದ್ದು ಈ ದ್ವೀಪದ ಮೇಲೆ. ಅದಕ್ಕೆ ಹೊಂದಿಕೊಂಡ ಜಾನ್ ಸೀಲಿ ಆಸ್ಪತ್ರೆ ಅದಕ್ಕೂ ಒಂದು ವರ್ಷ ಹಳೆಯದು. ಟೆಕ್ಸಾಸಿನ ವಿಮೆಯಿಲ್ಲದ ಬಡವರಿಗೆ, ಸೆರೆಮನೆಯ ಕೈದಿಗಳಿಗೆ ದಶಕಗಳಿಂದ ಚಿಕಿತ್ಸೆ ನೀಡುತ್ತ ಬಂದ ಸಂಸ್ಥೆ ಇದು. ಹೀಗಾಗಿ ಇದರ ಕಥೆ ಬರೀ ಗಾಳಿಮಳೆಯ ಕಥೆಯಲ್ಲ.

ಕಾಲೇಜು ಆರಂಭವಾದ ಅದೇ 1891ರಲ್ಲಿ ಆ ಊರಿನ ಸರಕಾರಿ ಹವಾಮಾನ ಕಚೇರಿಯ ಮುಖ್ಯಸ್ಥ ಐಸಾಕ್ ಕ್ಲೈನ್ ಸ್ಥಳೀಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಚಂಡಮಾರುತದಿಂದ ಗ್ಯಾಲ್ವೆಸ್ಟನ್ನಿಗೆ ಗಂಭೀರ ಹಾನಿಯಾದೀತೆಂಬ ಭಯ ಅಸಂಬದ್ಧ ಭ್ರಮೆಯೆಂಬುದು ಅದರ ಸಾರಾಂಶ. ಕಡಲಗೋಡೆ ಕಟ್ಟಬೇಕೆಂಬ ಬೇಡಿಕೆ ಆಗಲೇ ಊರಿನಲ್ಲಿ ಕೇಳಿಬಂದಿತ್ತು, ಗೋಡೆ ಏಳಲಿಲ್ಲ. ಕ್ಲೈನ್ ಅಜ್ಞಾನಿಯಲ್ಲ. ವೈದ್ಯಕೀಯ ಪದವೀಧರ, ಆ ಹೊಸ ಕಾಲೇಜಿನಲ್ಲೇ ಹವಾಮಾನ ಮತ್ತು ಆರೋಗ್ಯದ ಸಂಬಂಧವನ್ನು ಬೋಧಿಸುತ್ತಿದ್ದವನು. ನಾನೂ ಒಬ್ಬ ವಿಜ್ಞಾನಿ. ಪದವಿ ಪಡೆದವನ ಬಾಯಿಯಿಂದ ಬಂದ ಧೈರ್ಯದ ಮಾತು ಊರಿಗೆ ಎಷ್ಟು ಬೆಲೆ ತೆರಿಸಬಲ್ಲದೆಂದು ಯೋಚಿಸುವಾಗಲೆಲ್ಲ ನನಗೆ ಈ ಮನುಷ್ಯನ ನೆನಪಾಗುತ್ತದೆ. ನಮ್ಮ ಗುಡ್ಡಗಳನ್ನು ಸೀಳಿ ರಸ್ತೆ ಅಗಲಿಸುವ ಮುನ್ನ ಕೊಟ್ಟ ಪರಿಣಾಮ ವರದಿಗಳನ್ನು ಓದಿದವರಿಗೆ ಈ ಧ್ವನಿಯ ಪರಿಚಯವಿದ್ದೀತು.

1900ರ ಸೆಪ್ಟೆಂಬರ್ 8ರಂದು ಕಡಲು ಊರನ್ನು ನುಂಗಿತು. ಊರಿನ ಅತ್ಯಂತ ಎತ್ತರದ ಜಾಗ ಕಡಲ ಮಟ್ಟಕ್ಕಿಂತ ಒಂಬತ್ತು ಅಡಿಗೂ ಕಡಿಮೆ. ಏರಿಬಂದ ನೀರು ಹದಿನೈದು ಅಡಿಗೂ ಹೆಚ್ಚು. ಸತ್ತವರು ಸುಮಾರು 8,000 ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ. ಕಡಲ ದಂಡೆಯಲ್ಲಿದ್ದ ಸೇಂಟ್ ಮೇರಿ ಅನಾಥಾಲಯದಲ್ಲಿ 10 ಮಂದಿ ಸನ್ಯಾಸಿನಿಯರು, 90 ಮಕ್ಕಳು ಸತ್ತರು. ಉಳಿದುಕೊಂಡದ್ದು ಮೂವರು ಹುಡುಗರು. ಕ್ಲೈನನ ಹೆಂಡತಿಯೂ ಸತ್ತವರಲ್ಲಿ ಒಬ್ಬಳು.

ಮುನ್ಸೂಚನೆ ಇರಲಿಲ್ಲವೇ? ಇತ್ತು. ಕ್ಯೂಬಾದ ಹವಾನಾ ನಗರದ ಬೆಲೆನ್ ವೀಕ್ಷಣಾಲಯದವರು ಚಂಡಮಾರುತಗಳನ್ನು ದಶಕಗಳಿಂದ ಗಮನಿಸುತ್ತ ಬಂದವರು. ಈ ಗಾಳಿ ಟೆಕ್ಸಾಸಿನ ಕಡೆಗೆ ಹೋಗುತ್ತದೆಂಬ ಅವರ ಅಂದಾಜು ಸರಿಯಾಗಿತ್ತು. ಆದರೆ ಆಗ ಕ್ಯೂಬಾ ಅಮೆರಿಕದ ಹಿಡಿತದಲ್ಲಿತ್ತು. ಕ್ಯೂಬಾದವರ ಹವಾಮಾನ ತಂತಿಗಳು ಹೊರಹೋಗದಂತೆ ವಾಷಿಂಗ್ಟನ್ನಿನ ಹವಾಮಾನ ಇಲಾಖೆ ತಡೆದಿತ್ತು. ಗಾಳಿ ಅಟ್ಲಾಂಟಿಕ್ ಕಡೆಗೆ ತಿರುಗುತ್ತದೆಂಬುದು ರಾಜಧಾನಿಯ ನಂಬಿಕೆ. ಸ್ಥಳದಲ್ಲಿದ್ದು ಬಲ್ಲವನ ಮಾತು ಕೇಂದ್ರದಲ್ಲಿ ಕೂತವನ ಕಿವಿಗೆ ಬೀಳುವುದಿಲ್ಲವೆಂಬ ದೂರು ತಂತಿಯ ಕಾಲದಷ್ಟು ಹಳೆಯದು.

ಆ ಮೇಲೆ ಗ್ಯಾಲ್ವೆಸ್ಟನ್ನಿನವರು ಮಾಡಿದ್ದನ್ನು ಗಮನಿಸಬೇಕು. ಅವರು ಕೇವಲ ಗಂಟೆ ಬಾರಿಸುವ ಏರ್ಪಾಡು ಮಾಡಿ ಕೂರಲಿಲ್ಲ. 1902ರಲ್ಲಿ ಹದಿನೇಳು ಅಡಿ ಎತ್ತರದ ಕಡಲಗೋಡೆಯ ಕೆಲಸ ಆರಂಭಿಸಿ 1904ರಲ್ಲಿ ಮೊದಲ ಭಾಗವನ್ನು ಮುಗಿಸಿದರು. ಸಾವಿರಾರು ಕಟ್ಟಡಗಳನ್ನು ಜಾಕಿ ಕೊಟ್ಟು ಮೇಲೆತ್ತಿ, ಅವುಗಳ ಅಡಿಗೆ ಸಮುದ್ರದ ಮರಳನ್ನು ನೀರಿನೊಡನೆ ಹರಿಸಿ, ಊರನ್ನೇ ಎತ್ತರಿಸಿದರು. ಜನ ವರ್ಷಗಟ್ಟಲೆ ಹಲಗೆಯ ಸೇತುವೆಗಳ ಮೇಲೆ ನಡೆದಾಡಿದರು. 1915ರಲ್ಲಿ ಅಷ್ಟೇ ಭೀಕರವಾದ ಮತ್ತೊಂದು ಚಂಡಮಾರುತ ಬಂದಾಗ ಊರು ನಿಂತಿತು. ಸಾವುಗಳು ಹಿಂದಿನದಕ್ಕೆ ಹೋಲಿಸಿದರೆ ಅತ್ಯಲ್ಪ. ಸಿದ್ಧತೆ ಎಂಬ ಪದಕ್ಕೆ ಆಗ ಕಲ್ಲು, ಮರಳು, ಹಣ, ಬೆವರು ಎಂಬ ಅರ್ಥವಿತ್ತು. ಅದೇ ಪದಕ್ಕೆ ಈಗ ಮೊಬೈಲಿನ ಕಂಪನವೆಂಬ ಅರ್ಥ ಬಂದಿರುವುದು ಹೇಗೆ?

2005ಕ್ಕೆ ಬರೋಣ. ಆ ವರ್ಷದ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಮೂರು ವಾರಗಳ ಬಳಿಕ ರೀಟಾ ಎಂಬ ಇನ್ನೊಂದು ಚಂಡಮಾರುತ ಗ್ಯಾಲ್ವೆಸ್ಟನ್ನಿನತ್ತ ಮುಖಮಾಡಿದಾಗ ಇಡೀ ಪ್ರದೇಶ ಭಯದಿಂದ ಎದ್ದು ಓಡಿತು. ದ್ವೀಪದ ವಿಶ್ವವಿದ್ಯಾಲಯದ ಆಸ್ಪತ್ರೆ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಎಲ್ಲ ರೋಗಿಗಳನ್ನು ಬೇರೆ ಊರುಗಳಿಗೆ ಸಾಗಿಸಿತು. ಅದು ಶ್ಲಾಘನೀಯವೇ. ಆದರೆ ಹ್ಯೂಸ್ಟನ್ ಮತ್ತು ಕರಾವಳಿಯಿಂದ ಸುಮಾರು 25 ಲಕ್ಷ ಜನ ಏಕಕಾಲಕ್ಕೆ ಹೊರಟು, ಹೆದ್ದಾರಿಗಳು ಸುಡುಬಿಸಿಲಿನಲ್ಲಿ ಕೆಟ್ಟು ನಿಂತವು. ವೃದ್ಧಾಶ್ರಮವೊಂದರ ನಿವಾಸಿಗಳನ್ನು ಒಯ್ಯುತ್ತಿದ್ದ ಬಸ್ಸಿಗೆ ಡಲ್ಲಾಸ್ ಸಮೀಪ ಬೆಂಕಿ ಹತ್ತಿ, ಒಳಗಿದ್ದ ಆಮ್ಲಜನಕದ ಸಿಲಿಂಡರುಗಳು ಸಿಡಿದು 23 ವೃದ್ಧರು ಸುಟ್ಟುಹೋದರು. ಊರು ಬಿಡುವ ಗದ್ದಲದಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ರೀಟಾ ಕೊನೆಯ ಗಳಿಗೆಯಲ್ಲಿ ಪೂರ್ವಕ್ಕೆ ತಿರುಗಿ ಬೇರೆ ಕಡೆ ದಡ ಹತ್ತಿತು. ಸಂದೇಶ ಎಲ್ಲರನ್ನೂ ತಲಪಿತ್ತು. ಅವರು ಹೋಗಬೇಕಾದ ರಸ್ತೆಯ ಬಗ್ಗೆ, ವಾಹನವಿಲ್ಲದ ಮುದುಕರ ಬಗ್ಗೆ ಯೋಚನೆ ಸಾಲದಾಗಿತ್ತು. ಮನೆಗೆ ಮರಳಿದ ಅನೇಕರು ಒಂದು ನಿರ್ಧಾರ ಮಾಡಿಕೊಂಡರು: ಮುಂದಿನ ಸಲ ಹೇಳಿದರೆ ಹೊರಡುವುದಿಲ್ಲ.

ಆ ಮುಂದಿನ ಸಲ ಮೂರೇ ವರ್ಷಕ್ಕೆ ಬಂತು. 2008ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಐಕ್ ಚಂಡಮಾರುತ ಗ್ಯಾಲ್ವೆಸ್ಟನ್ನಿನ ಮೇಲೆಯೇ ದಡ ಸೇರಿತು. ಅದಕ್ಕೆ ಮುನ್ನ ಅಲ್ಲಿನ ಹವಾಮಾನ ಸೇವೆ ಹೊರಡಿಸಿದ ಪ್ರಕಟಣೆ ಬಹುಶಃ ಆ ಇಲಾಖೆಯ ಚರಿತ್ರೆಯಲ್ಲೇ ಅತ್ಯಂತ ಕಟುವಾದುದು. ಒಂದೆರಡು ಅಂತಸ್ತಿನ ಮನೆಗಳಲ್ಲಿ ಉಳಿದುಕೊಂಡವರಿಗೆ ಸಾವು ನಿಶ್ಚಿತವೆಂದು ಅದರಲ್ಲಿ ನೇರವಾಗಿ ಬರೆದಿತ್ತು. ಇದಕ್ಕಿಂತ ಸ್ಪಷ್ಟವಾದ ಸಂದೇಶ ಸಾಧ್ಯವಿಲ್ಲ. ಆದರೂ ಸಾವಿರಾರು ಜನ ದ್ವೀಪದಲ್ಲೇ ಉಳಿದರು. ಕೆಲವರು ರೀಟಾದ ನೆನಪಿನಿಂದ, ಕೆಲವರು ಹೋಗಲು ಗತಿಯಿಲ್ಲದೆ.

ಇನ್ನು ಕೆಲವರು ಬಾಗಿಲಿಗೆ ಬೀಗ ಹಾಕಿದ್ದರಿಂದ ಉಳಿದರು. ಕೌಂಟಿ ಜೈಲಿನ ಸುಮಾರು ಸಾವಿರ ಕೈದಿಗಳನ್ನು ಸ್ಥಳಾಂತರಿಸುವುದು ಬೇಡವೆಂದು ಅಧಿಕಾರಿಗಳು ತೀರ್ಮಾನಿಸಿದರು. ಇಡೀ ದ್ವೀಪವನ್ನು ಕಡ್ಡಾಯವಾಗಿ ತೆರವುಗೊಳಿಸಬೇಕೆಂಬ ಆದೇಶ ಜಾರಿಯಲ್ಲಿದ್ದಾಗಲೇ ಅವರು ಕಂಬಿಗಳ ಹಿಂದೆ ಉಳಿದರು. ನಿಶ್ಚಿತ ಮರಣದ ಎಚ್ಚರಿಕೆಯನ್ನು ಕೊಟ್ಟ ವ್ಯವಸ್ಥೆಯೇ ತನ್ನ ವಶದಲ್ಲಿದ್ದ ಮನುಷ್ಯರನ್ನು ಅಲ್ಲೇ ಬಿಟ್ಟಿತು. ಎಚ್ಚರಿಕೆ ಕೇಳಿ ನಡೆಯಬಲ್ಲ ಕಾಲು, ಹಿಡಿಯಬಲ್ಲ ವಾಹನ, ತೆರೆದ ಬಾಗಿಲು ಇದ್ದವನಿಗೆ ಮಾತ್ರ ಅದು ಎಚ್ಚರಿಕೆ. ಉಳಿದವರಿಗೆ ಅದು ಬರಿಯ ಸುದ್ದಿ.

ವಿಶ್ವವಿದ್ಯಾಲಯದ ಆಸ್ಪತ್ರೆ ರೋಗಿಗಳನ್ನು ಈ ಬಾರಿಯೂ ಗಾಳಿಗೆ ಮುನ್ನವೇ ಸಾಗಿಸಿತು. ಇಂಥ ಆಸ್ಪತ್ರೆಗಳಲ್ಲಿ ನೌಕರರನ್ನು ಮೊದಲೇ ವಿಂಗಡಿಸಿಟ್ಟಿರುತ್ತಾರೆ: ಗಾಳಿ ಬೀಸುವಾಗ ಒಳಗೇ ಇರಬೇಕಾದ ತಂಡ, ಗಾಳಿ ನಿಂತ ಮೇಲೆ ಬಂದು ಭಾರ ಹೊರಬೇಕಾದ ತಂಡ, ದೂರ ಹೋಗಬೇಕಾದ ಮಿಕ್ಕವರು. ಒಳಗುಳಿದ ತಂಡ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಅವರ ಬಗ್ಗೆ ನನ್ನಲ್ಲಿ ಗೌರವವಲ್ಲದೆ ಬೇರೇನೂ ಇಲ್ಲ.

ಆದರೆ ನೀರು ಕಡಲಗೋಡೆಯನ್ನು ಹತ್ತಿ ಬರುವ ಗೋಜಿಗೆ ಹೋಗಲಿಲ್ಲ. ಹಿಂದಿನ ಕೊಲ್ಲಿಯ ಕಡೆಯಿಂದ, ಗೋಡೆಯಿಲ್ಲದ ಬೆನ್ನಿನ ಕಡೆಯಿಂದ ಊರೊಳಗೆ ಬಂತು. ಆಸ್ಪತ್ರೆ ಇರುವುದು ಆ ಬದಿಯಲ್ಲೇ. ಔಷಧಾಲಯ, ರಕ್ತನಿಧಿ, ಅಡುಗೆಮನೆ, ಉಪಕರಣಗಳನ್ನು ಕ್ರಿಮಿಮುಕ್ತಗೊಳಿಸುವ ವಿಭಾಗ, ಇವೆಲ್ಲ ಇದ್ದದ್ದು ನೆಲಮಹಡಿಯಲ್ಲಿ. ಮೇಲಿನ ಮಹಡಿಗಳಲ್ಲಿ ಹಾಸಿಗೆಗಳು ಒಣಗಿಯೇ ಇದ್ದವು. ಆದರೆ ಔಷಧ, ರಕ್ತ, ಅನ್ನ ಇಲ್ಲದ ಮೇಲೆ ಆಸ್ಪತ್ರೆಯಲ್ಲಿ ಉಳಿಯುವುದು ಮಂಚಗಳು ಮಾತ್ರ. ನಷ್ಟದ ಅಂದಾಜು 70 ಕೋಟಿ ಡಾಲರಿಗೂ ಹೆಚ್ಚು. ಪ್ರವಾಹದ ವಿಮೆ ಇದ್ದದ್ದು 10 ಕೋಟಿ ಡಾಲರಿಗೆ.

ನೂರು ವರ್ಷಗಳಿಂದ ಚಂಡಮಾರುತಗಳ ದಾರಿಯಲ್ಲೇ ನಿಂತಿರುವ ಸಂಸ್ಥೆ ರಕ್ತನಿಧಿಯನ್ನು ನೆಲಮಹಡಿಯಲ್ಲಿಟ್ಟಿತ್ತು, ವಿಮೆಯನ್ನು ಏಳರಲ್ಲಿ ಒಂದು ಪಾಲಿಗಷ್ಟೇ ಮಾಡಿಸಿತ್ತು. ಈ ತೀರ್ಮಾನಗಳನ್ನು ತೆಗೆದುಕೊಂಡವರು ಗಾಳಿಯಲ್ಲ, ಮಳೆಯಲ್ಲ, ಸಂದೇಶ ಓದದ ದಾದಿಯೂ ಅಲ್ಲ. ಅವು ಬಿಸಿಲಿನ ದಿನಗಳಲ್ಲಿ, ಲೆಕ್ಕಪತ್ರದ ಮೇಜಿನ ಸುತ್ತ, ಯಾರಿಗೂ ಎಚ್ಚರಿಕೆ ಕೊಡದೆ ಆದ ತೀರ್ಮಾನಗಳು.

ಬೆಲೆ ತೆತ್ತವರು ಯಾರು? 2008ರ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಸಭೆ ಸೇರಿತು. ಗ್ಯಾಲ್ವೆಸ್ಟನ್ನಿನಲ್ಲಲ್ಲ, ಸಾವಿರ ಕಿಲೋಮೀಟರಿಗೂ ಆಚೆ, ರಾಜ್ಯದ ಇನ್ನೊಂದು ತುದಿಯ ಎಲ್ ಪಾಸೋ ನಗರದಲ್ಲಿ. ಅಲ್ಲಿ 3,800 ಹುದ್ದೆಗಳವರೆಗೆ ಕಡಿತಗೊಳಿಸಲು ಅನುಮತಿ ನೀಡಲಾಯಿತು. ಸುಮಾರು 12,000 ಜನ ದುಡಿಯುತ್ತಿದ್ದ, ಆ ಕೌಂಟಿಯಲ್ಲೇ ಅತಿ ಹೆಚ್ಚು ಜನರಿಗೆ ಉದ್ಯೋಗ ಕೊಟ್ಟಿದ್ದ ಸಂಸ್ಥೆ ಅದು. ಸಭೆಯನ್ನು ಬಹಿರಂಗವಾಗಿ ನಡೆಸಬೇಕೆಂಬ ಕಾನೂನನ್ನು ಮೀರಲಾಗಿದೆಯೆಂದು ಬೋಧಕರ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ಮನೆಗಳಲ್ಲಿ ಕೆಸರು ಇನ್ನೂ ಒಣಗಿರಲಿಲ್ಲ; ಅಷ್ಟರಲ್ಲಿ ಕೆಲಸ ಹೋಯಿತು. ತೀವ್ರ ಗಾಯಾಳುಗಳ ತುರ್ತು ಘಟಕ ಮತ್ತೆ ತೆರೆದದ್ದು 2009ರ ಆಗಸ್ಟ್‌ನಲ್ಲಿ, ಹೆಚ್ಚುಕಡಿಮೆ ಒಂದು ವರ್ಷದ ನಂತರ. ಚಂಡಮಾರುತಕ್ಕೆ ಎರಡು ದಿನ ಮುಂಚೆ ಸಂದೇಶ ಕಳುಹಿಸುವ ಸಂಸ್ಥೆಗಳು ಕೆಲಸ ಕಳೆಯುವ ದಿನಕ್ಕೆ ಎಷ್ಟು ದಿನ ಮುಂಚೆ ಕಳುಹಿಸುತ್ತವೆಂದು ವಿಚಾರಿಸುವ ಕುತೂಹಲ ನಮ್ಮ ತಜ್ಞರಿಗೆ ಬರಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಆಸ್ಪತ್ರೆಯನ್ನು ದ್ವೀಪದಿಂದಲೇ ಎತ್ತಿಬಿಡುವ ಮಾತು ಬಂದಾಗ ಊರಿನವರು, ನೌಕರರು ಗಟ್ಟಿಯಾಗಿ ಪ್ರತಿಭಟಿಸಿದರು. ಅದು ಅಲ್ಲೇ ಉಳಿಯಿತು. ಮರುನಿರ್ಮಾಣದಲ್ಲಿ ಔಷಧಾಲಯ, ಅಡುಗೆಮನೆಗಳಂಥ ಮುಖ್ಯ ವಿಭಾಗಗಳನ್ನು ಮೇಲಿನ ಮಹಡಿಗಳಿಗೆ ಏರಿಸಲಾಯಿತು. ವಿದ್ಯುತ್ತಿನ ವ್ಯವಸ್ಥೆಯನ್ನು ನೀರಿಗೆಟುಕದ ಎತ್ತರಕ್ಕೆ ತರಲಾಯಿತು. ಜೆನ್ನಿ ಸೀಲಿ ಹೆಸರಿನ ಹೊಸ ಆಸ್ಪತ್ರೆ 2016ರಲ್ಲಿ ತೆರೆಯಿತು. ಅಂದರೆ 1902ರ ಬುದ್ಧಿ ಮರಳಿ ಬಂತು. ಆದರೆ ಪರದೆಯ ಮೇಲೆ ನಮಗೆ ತೋರಿಸಿದ್ದು ಈ ಏರಿಸಿದ ಮಹಡಿಗಳನ್ನಲ್ಲ, ಸಂದೇಶ ಹೊಳೆಯುತ್ತಿರುವ ಮೊಬೈಲನ್ನು. ಮಹಡಿ ಏರಿಸಲು ಹಣ ಬೇಕು. ಸಂದೇಶ ಅಗ್ಗ.

ಅಗ್ಗದ ಮಾತು ಬಂದದ್ದರಿಂದ ನ್ಯೂ ಆರ್ಲಿಯನ್ಸಿನ ಎರಡು ಆಸ್ಪತ್ರೆಗಳನ್ನು ನೆನೆಯಬೇಕು. ಒಂದು ಚಾರಿಟಿ ಆಸ್ಪತ್ರೆ: 1736ರಲ್ಲಿ ಹುಟ್ಟಿದ, ಬಡವರ, ಬಹುಪಾಲು ಕಪ್ಪು ಜನರ ಸರಕಾರಿ ಆಸ್ಪತ್ರೆ, ಎರಡು ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಕಲಿತದ್ದು ಅಲ್ಲೇ. ಇನ್ನೊಂದು ಅದರ ಎದುರಿಗೇ ಇದ್ದ ಟ್ಯೂಲೇನ್ ವಿಶ್ವವಿದ್ಯಾಲಯದ ಆಸ್ಪತ್ರೆ. ಅದನ್ನು ನಡೆಸುತ್ತಿದ್ದುದು ದೊಡ್ಡ ಖಾಸಗಿ ಕಂಪನಿ. ಎರಡಕ್ಕೂ ಒಂದೇ ಗಾಳಿ, ಒಂದೇ ನೀರು, ಒಂದೇ ಎಚ್ಚರಿಕೆ. ಟ್ಯೂಲೇನಿನ ರೋಗಿಗಳಿಗಾಗಿ ಕಂಪನಿ ಬಾಡಿಗೆಗೆ ಹೆಲಿಕಾಪ್ಟರುಗಳನ್ನು ತರಿಸಿತು. ಅವು ಕಾರು ನಿಲುಗಡೆಯ ಕಟ್ಟಡದ ತಾರಸಿಯ ಮೇಲೆ ಇಳಿದವು. ಚಾರಿಟಿಯ ರೋಗಿಗಳನ್ನು ದೋಣಿಗಳಲ್ಲಿ ಅದೇ ತಾರಸಿಗೆ ತಂದಾಗ ಅವರು ಕಾಯಬೇಕಾಯಿತು. ವಿದ್ಯುತ್ತಿಲ್ಲದೆ, ಕೈಯಿಂದ ಉಸಿರು ತುಂಬುತ್ತ ವೈದ್ಯರು, ದಾದಿಯರು ಅವರನ್ನು ಉಳಿಸಿಕೊಳ್ಳಲು ಹೆಣಗಿದರು. ಚಾರಿಟಿ ಪೂರ್ತಿ ತೆರವಾದದ್ದು ಸೆಪ್ಟೆಂಬರ್ 2ರಂದು, ಗಾಳಿ ಬಂದ ಐದನೆಯ ದಿನ. ಆ ಕಟ್ಟಡ ಆಸ್ಪತ್ರೆಯಾಗಿ ಮತ್ತೆಂದೂ ತೆರೆಯಲಿಲ್ಲ. ಸ್ವಚ್ಛಗೊಳಿಸಿ ಬಳಸಬಹುದೆಂದು ಅಲ್ಲಿನ ವೈದ್ಯರು ಹೇಳಿದರೂ ಆಳುವವರು ಒಪ್ಪಲಿಲ್ಲ. ಬದಲಿ ಆಸ್ಪತ್ರೆ ಪೂರ್ಣವಾಗಿ ಬಂದದ್ದು 2015ರಲ್ಲಿ. ಹತ್ತು ವರ್ಷ ಬಡವರು ಏನು ಮಾಡಿದರು? ಮೊಬೈಲಿನಲ್ಲಿ ಅದಕ್ಕೆ ಗುಂಡಿಯಿಲ್ಲ.

ವಿದ್ಯಾರ್ಥಿ ಓದುಗರಿಗಾಗಿ ಯಂತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲ ಕಡೆಯೂ ಸೋತದ್ದು ಒಂದೇ ಬಗೆಯಲ್ಲಿ. 2001ರ ಜೂನ್‌ನಲ್ಲಿ ಆಲಿಸನ್ ಎಂಬ ಬಿರುಮಳೆ ಹ್ಯೂಸ್ಟನ್ನಿನ ವೈದ್ಯಕೀಯ ಕೇಂದ್ರವನ್ನು ಮುಳುಗಿಸಿತು. ಜನರೇಟರುಗಳು ಎತ್ತರದಲ್ಲಿದ್ದವು, ಅವುಗಳ ವಿದ್ಯುತ್ತನ್ನು ಹಂಚುವ ಸ್ವಿಚ್ಚುಗಳು ನೆಲಮಾಳಿಗೆಯಲ್ಲಿದ್ದವು. ನೆಲಮಾಳಿಗೆಯ ಪಂಜರಗಳಲ್ಲಿದ್ದ ಸಾವಿರಾರು ಪ್ರಯೋಗಪ್ರಾಣಿಗಳು, ಅವುಗಳೊಂದಿಗೆ ವರ್ಷಗಳ ಸಂಶೋಧನೆ, ನೀರಿನಲ್ಲಿ ಸತ್ತವು. ಪಾಠ ಕಲಿಯಲು ಜಗತ್ತಿಗೆ ಹನ್ನೊಂದು ವರ್ಷ ಸಮಯವಿತ್ತು. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಂದಾಗ ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಜನರೇಟರುಗಳಿದ್ದದ್ದು ಮೇಲೆ, ಅವುಗಳಿಗೆ ಎಣ್ಣೆಯೂಡುವ ವ್ಯವಸ್ಥೆ ಕೆಳಗೆ, ನದಿಯ ಪಕ್ಕದ ನೆಲಮಾಳಿಗೆಯಲ್ಲಿ. ಮುನ್ನೂರಕ್ಕೂ ಹೆಚ್ಚು ರೋಗಿಗಳನ್ನು, ಅವರಲ್ಲಿ ಆಗಷ್ಟೇ ಹುಟ್ಟಿ ನಿಗಾ ಘಟಕದಲ್ಲಿದ್ದ 20 ಶಿಶುಗಳನ್ನು, ಕತ್ತಲೆಯ ಮೆಟ್ಟಿಲುಗಳಲ್ಲಿ ಕೈಯಲ್ಲೆತ್ತಿ ಇಳಿಸಿದರು. ಪಕ್ಕದ ಬೆಲ್‌ವ್ಯೂ ಸರಕಾರಿ ಆಸ್ಪತ್ರೆಯಲ್ಲಿ ಹದಿಮೂರನೆಯ ಮಹಡಿಯ ಜನರೇಟರಿಗೆ ಸೈನಿಕರು ಸಾಲುಗಟ್ಟಿ ನಿಂತು ಕೈಯಿಂದ ಕೈಗೆ ಎಣ್ಣೆ ದಾಟಿಸಿದರು. ಮನೆಗೆ ಬೆಂಕಿ ಬಿದ್ದಾಗ ನಮ್ಮೂರಿನಲ್ಲಿ ಕೊಡಪಾನ ದಾಟಿಸುವ ಹಾಗೆಯೇ, ಜಗತ್ತಿನ ಅತಿ ಶ್ರೀಮಂತ ನಗರದಲ್ಲಿ.

ಈ ಎರಡೂ ರಾತ್ರಿಗಳಲ್ಲಿ ಹವಾಮಾನದ ಎಚ್ಚರಿಕೆಗೇನೂ ಕೊರತೆ ಇರಲಿಲ್ಲ. ಎಚ್ಚರಿಕೆಗೆ ನೆಲಮಾಳಿಗೆಯ ಪಂಪನ್ನು ಮೇಲಕ್ಕೆತ್ತುವ ಶಕ್ತಿ ಇಲ್ಲ, ಅಷ್ಟೆ. ದೂರದ ಮಾತೆಂದು ತಳ್ಳಿಹಾಕುವವರು 2015ರ ಡಿಸೆಂಬರ್‌ನ ಚೆನ್ನೈಯನ್ನು ನೆನಪಿಸಿಕೊಳ್ಳಲಿ. ಅಡ್ಯಾರ್ ನದಿ ಉಕ್ಕಿ ದೊಡ್ಡ ಖಾಸಗಿ ಆಸ್ಪತ್ರೆಯೊಂದರ ಜನರೇಟರ್ ಕೋಣೆಗೆ ನೀರು ನುಗ್ಗಿ, ತೀವ್ರ ನಿಗಾ ಘಟಕದ ರೋಗಿಗಳು ಉಸಿರಾಟದ ಯಂತ್ರ ನಿಂತು ಸತ್ತರೆಂಬ ಆರೋಪ ದೇಶದ ತುಂಬ ಕೇಳಿಬಂತು.

ನಗು ಬರಿಸುವ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಟೆಕ್ಸಾಸಿಗೆ ಬಂತು. ದೊಡ್ಡದೇನೂ ಅಲ್ಲ, ಅತ್ಯಂತ ಕೆಳಗಿನ ದರ್ಜೆಯದು. ಆದರೂ ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಮನೆ-ಅಂಗಡಿಗಳ ವಿದ್ಯುತ್ ಹೋಯಿತು. ಎಲ್ಲಿ ಕರೆಂಟ್ ಇದೆ, ಎಲ್ಲಿ ಇಲ್ಲ ಎಂದು ತಿಳಿಸಬೇಕಾಗಿದ್ದ ವಿದ್ಯುತ್ ಕಂಪನಿಯ ನಕಾಶೆ ಆಗ ಬಳಕೆಯಲ್ಲೇ ಇರಲಿಲ್ಲ. ಜನ ಏನು ಮಾಡಿದರು? ವಾಟಬರ್ಗರ್ ಎಂಬ ಹೋಟೆಲು ಸರಣಿಯ ಮೊಬೈಲ್ ನಕಾಶೆ ತೆರೆದು, ಯಾವ ಬಡಾವಣೆಯ ಹೋಟೆಲು ತೆರೆದಿದೆಯೋ ಅಲ್ಲಿ ಕರೆಂಟ್ ಇದೆಯೆಂದು ಊಹಿಸಿಕೊಂಡರು! ಬಿಸಿಲಿನ ಧಗೆಯಲ್ಲಿ ಕತ್ತಲೆಯ ಮನೆಗಳಿಗೆ ರೋಗಿಗಳನ್ನು ಕಳುಹಿಸಲಾಗದೆ ಆಸ್ಪತ್ರೆಗಳು ತುಂಬಿಹೋದವು; ಕ್ರೀಡಾಂಗಣದ ಆವರಣದಲ್ಲಿ ಹೆಚ್ಚುವರಿ ಹಾಸಿಗೆಗಳನ್ನು ಹಾಕಬೇಕಾಯಿತು. ಆಸ್ಪತ್ರೆ ಎಷ್ಟೇ ಸಿದ್ಧವಾಗಿದ್ದರೂ ರೋಗಿಯ ಮನೆ ಸಿದ್ಧವಾಗಿಲ್ಲದಿದ್ದರೆ ಕೊನೆಗೆ ಆಸ್ಪತ್ರೆಯೇ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಮುನ್ನೆಚ್ಚರಿಕೆಯೇ ಬೇಡವೆಂದು ಈ ಮನುಷ್ಯ ಹೇಳುತ್ತಿದ್ದಾನೆಯೇ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಒಡಿಶಾದಲ್ಲಿ 1999ರ ಮಹಾ ಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ತೆರವುಗೊಳಿಸಿದ್ದರಿಂದ ಸಾವುಗಳು ಹತ್ತುಗಳ ಲೆಕ್ಕದಲ್ಲಿ ನಿಂತವು. ಎಚ್ಚರಿಕೆಯ ಮಹಿಮೆಯೆಂದು ಇದನ್ನೂ ತಜ್ಞರು ತೋರಿಸುತ್ತಾರೆ. ಆದರೆ ಆ ಹದಿನಾಲ್ಕು ವರ್ಷಗಳಲ್ಲಿ ಕಡಲಂಚಿನ ಹಳ್ಳಿಗಳಲ್ಲಿ ಕಂಬಗಳ ಮೇಲೆ ಎದ್ದುನಿಂತ ಕಾಂಕ್ರೀಟ್ ಆಸರೆಮನೆಗಳನ್ನು, ಅಲ್ಲಿಗೆ ಹೋಗುವ ರಸ್ತೆಗಳನ್ನು, ಮುದುಕರನ್ನು ಹೊತ್ತು ತರಲು ತರಬೇತಾದ ಹಳ್ಳಿಯ ಯುವಕರನ್ನು ಏಕೆ ಬಿಟ್ಟುಬಿಡುತ್ತಾರೆ? ಹೊರಡಿ ಎಂದು ಹೇಳಲು ಅವರಿಗೆ ಅಧಿಕಾರ ಬಂದದ್ದು, ಎಲ್ಲಿಗೆ ಎಂದು ತೋರಿಸಲು ಕಟ್ಟಡವಿದ್ದುದರಿಂದ.

ನನ್ನ ಆಕ್ಷೇಪ ಇಷ್ಟೆ. ಹಿಂದೆ ಇಂಥ ಏರ್ಪಾಡೊಂದೂ ಇಲ್ಲದೆ ಕಳುಹಿಸಿದ ಸಂದೇಶ, ಹೊಣೆಯನ್ನು ಕಳುಹಿಸಿದವನಿಂದ ಪಡೆದವನಿಗೆ ದಾಟಿಸುವ ಕಾಗದವಾಗುತ್ತದೆ. ನಾವು ಹೇಳಿದ್ದೆವು, ಅವರು ಕೇಳಲಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳು ಕೆಸರಿನಡಿ ಹೂತು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮರುದಿನವೇ ದೆಹಲಿಯಲ್ಲಿ ಮುಂಚೆಯೇ ಎಚ್ಚರಿಸಿದ್ದೆವು ಎಂಬ ಹೇಳಿಕೆ. ತಿರುವನಂತಪುರದಲ್ಲಿ ಕೆಂಪು ಎಚ್ಚರಿಕೆ ಬಂದದ್ದು ಕುಸಿತದ ನಂತರ ಎಂಬ ಪ್ರತಿಹೇಳಿಕೆ. ಶವಗಳನ್ನು ಇನ್ನೂ ಹುಡುಕುತ್ತಿದ್ದಾಗ ನಡೆದ ವಾದ ಯಾವ ಬಣ್ಣದ ಸಂದೇಶ ಯಾವಾಗ ಹೋಯಿತೆಂಬುದರ ಬಗ್ಗೆ. ಅದೇ ಟೆಕ್ಸಾಸಿನ ಗುಡ್ಡಗಾಡಿನಲ್ಲಿ 2025ರ ಜುಲೈ 4ರಂದು ಗ್ವಾಡಲೂಪೆ ನದಿ ಉಕ್ಕಿದಾಗಲೂ ಹೀಗೆಯೇ ಆಯಿತು. ಹವಾಮಾನ ಸೇವೆಯ ಎಚ್ಚರಿಕೆ ಮಧ್ಯರಾತ್ರಿ ಕಳೆದು ಒಂದೂಕಾಲರ ಹೊತ್ತಿಗೇ ಹೊರಟಿತ್ತು. ಜನ ಮಲಗಿದ್ದರು, ನದಿಯ ದಂಡೆಯ ಶಿಬಿರದಲ್ಲಿ ಮಕ್ಕಳು ಮಲಗಿದ್ದರು. ದಂಡೆಯುದ್ದಕ್ಕೂ ಸೈರನ್ ಹಾಕಬೇಕೆಂಬ ಪ್ರಸ್ತಾಪ ವರ್ಷಗಳ ಹಿಂದೆಯೇ ಬಂದು ಹಣವಿಲ್ಲದೆ ಬಿದ್ದುಹೋಗಿತ್ತು. 130ಕ್ಕೂ ಹೆಚ್ಚು ಜನ ಸತ್ತರು.

ನಮ್ಮ ಮನೆಯ ಮಾತು ಹೇಳುವುದಾದರೆ, ಕಳೆದ ಮಳೆಗಾಲದಲ್ಲಿ ನನಗೆ ಬಂದ ಭಾರೀ ಮಳೆಯ ಸಂದೇಶವನ್ನು ನಾನು ಓದಿದ್ದು ಅದು ಹೊರಟ ಮೂರನೆಯ ದಿನ. ಮರ ಬಿದ್ದು ಕರೆಂಟಿಲ್ಲ, ಕರೆಂಟಿಲ್ಲದೆ ಗೋಪುರವಿಲ್ಲ, ಗೋಪುರವಿಲ್ಲದೆ ಸಂದೇಶವಿಲ್ಲ. ತೋಟದ ಮೇಲಿನ ಧರೆ ಅಷ್ಟರಲ್ಲಿ ಕುಸಿದು ಕೊಳೆಯುವ ಅಡಿಕೆಯ ಮೇಲೆ ಕೂತಿತ್ತು. ಕಚೇರಿಯ ದಾಖಲೆಯಲ್ಲಿ ಮಾತ್ರ ನನಗೆ ಎಚ್ಚರಿಕೆ ತಲಪಿದೆ.

ಘಟ್ಟದ ಕೆಳಗಿನ ನಮ್ಮ ನೆರೆಯವರ ಸ್ಥಿತಿ ಇದಕ್ಕಿಂತ ಕಷ್ಟದ್ದು. ಉತ್ತರ ಕನ್ನಡದ ಜನ ಸುಸಜ್ಜಿತ ಆಸ್ಪತ್ರೆಯೊಂದಕ್ಕಾಗಿ ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದ ಕಡೆಯಿಂದ ಉಡುಪಿಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿದಾಗ ಆ ಕೂಗು ಜೋರಾಯಿತು. ಎರಡು ವರ್ಷದ ಮೇಲೆ, 2024ರ ಜುಲೈ 16ರಂದು, ಅಂಕೋಲೆಯ ಇನ್ನೊಂದು ಶಿರೂರಿನಲ್ಲಿ ಗುಡ್ಡ ಜರಿದು ಅದೇ ಹೆದ್ದಾರಿ ಹಲವು ದಿನ ಮುಚ್ಚಿತು. ದೂರದ ಆಸ್ಪತ್ರೆಗೆ ಇರುವ ದಾರಿಯೊಂದು. ಆ ದಾರಿಯ ಗುಡ್ಡವನ್ನು ಕಡಿದು ನಿಲ್ಲಿಸಿದವರೂ ನಾವೇ ಆರಿಸಿದವರು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಬಿರುಸು ಹೆಚ್ಚುತ್ತಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. 2021ರ ಮೇ ತಿಂಗಳಿನಲ್ಲಿ ತೌಕ್ತೇ ನಮ್ಮ ಕರಾವಳಿಯನ್ನು ಸವರಿಕೊಂಡೇ ಹೋಯಿತು. ಇಲ್ಲಿಯೂ ಜನರಿಗೆ ಮೊದಲು ಸಿಗಲಿರುವುದು ಆಸ್ಪತ್ರೆಯೋ ಸಂದೇಶವೋ?

ಮುಂದಿನ ಮುಂಗಾರಿಗೆ ಮುನ್ನ ಅಂಥದೇ ಕಾರ್ಯಾಗಾರ ಮತ್ತೊಂದಿದೆಯಂತೆ. ವಿದ್ಯಾರ್ಥಿಗಳು ಅದಕ್ಕೆ ಮೊದಲು ತಮ್ಮ ತಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೆಲವು ಸಂಗತಿಗಳನ್ನು ಕಣ್ಣಾರೆ ನೋಡಿ ಬರಬೇಕೆಂದು ಕೋರುತ್ತೇನೆ. ಜನರೇಟರ್ ಇದೆಯೇ, ಇದ್ದರೆ ಅದು ಕಳೆದ ಬಾರಿ ಚಾಲೂ ಆದದ್ದು ಯಾವಾಗ, ಎಣ್ಣೆ ಎಷ್ಟು ಗಂಟೆಗೆ ಸಾಕು, ಅದನ್ನಿಟ್ಟಿರುವುದು ಹಳ್ಳದ ಬದಿಗೋ ಎತ್ತರಕ್ಕೋ. ಹಾವು ಕಡಿತದ ಮದ್ದು ಇಟ್ಟ ಪೆಟ್ಟಿಗೆ ಕರೆಂಟು ಹೋದಾಗ ಏನಾಗುತ್ತದೆ. ರಸ್ತೆ ಮುಚ್ಚಿದರೆ ಹೆರಿಗೆಯ ನೋವು ಬಂದವಳನ್ನು ಯಾವ ದಾರಿಯಲ್ಲಿ, ಯಾರ ಹೆಗಲ ಮೇಲೆ ಒಯ್ಯುತ್ತಾರೆ. ಮಳೆಯ ದಿನಗಳಲ್ಲಿ ರಾತ್ರಿ ಉಳಿಯುವ ದಾದಿಗೆ ಕಾಯಂ ಸಂಬಳವಿದೆಯೇ, ಗುತ್ತಿಗೆಯೇ. ಉತ್ತರಗಳನ್ನು ಊರಿನ ಹೆಸರಿನೊಂದಿಗೆ ಬರೆದು ನಮ್ಮ ಬಳಗಕ್ಕೆ ಕಳುಹಿಸಿ. ಕಾರ್ಯಾಗಾರದಲ್ಲಿ ಅವನ್ನು ಗಟ್ಟಿಯಾಗಿ ಓದಲು ಹೊತ್ತು ಕೇಳಿದ್ದೇವೆ. ಈ ಸಲ ಊಟಕ್ಕೆ ಮುಂಚೆ.